ಕ್ಯಾಮರಾದ ಕಾವಲು

ಬೆಳ್ಳಿತೆರೆಯ ಮೇಲೆ ಕುದುರೆಗಳ ದಂಡೊಂದು ನೋಡುವವರ ಎದೆಯ ಮೇಲೆಯೇ ನುಗ್ಗುವಂತೆ ಓಡಿಬರುತ್ತದೆ. ಉರಿಯುವ ಮನೆಯ ತೊಲೆ ಮುರಿದು ಕಣ್ಣ ಮುಂದೆಯೇ ಬೀಳುತ್ತದೆ. ವೇಗವಾಗಿ ಬಂದ ಮೋಟಾರು ಕಾರು ಮಗುಚಿ, ಉರುಳುತ್ತ ಬಂದು, ತೆರೆಯನ್ನೇ ಮುಚ್ಚಿಬಿಡುತ್ತದೆ. ಚಿತ್ರಮಂದಿರದಲ್ಲಿ ಕುಳಿತವರು ಒಂದು ಕ್ಷಣ ಬೆಚ್ಚಿ ಹಿಂದಕ್ಕೆ ಸರಿಯುತ್ತಾರೆ. ಮರುಕ್ಷಣವೇ ಇದು ಚಿತ್ರವಷ್ಟೆ ಎಂಬ ಅರಿವಾಗಿ ತಮ್ಮ ಅಂಜಿಕೆಗೆ ತಾವೇ ನಗುತ್ತಾರೆ. ಆದರೆ ಅವರು ಕಂಡ ಆ ನೋಟ ದೊರೆಯಬೇಕಾದರೆ, ಕುದುರೆಗಳ ಗೊರಸಿನ ದಾರಿಯಲ್ಲಿ, ಬೀಳುವ ತೊಲೆಯ ಬುಡದಲ್ಲಿ, ಉರುಳುವ ಕಾರಿನ ಇದಿರಿನಲ್ಲಿ ಒಂದು ಕ್ಯಾಮರಾ ನಿಜವಾಗಿಯೂ ನಿಂತಿರಲೇಬೇಕಷ್ಟೆ! ಪ್ರೇಕ್ಷಕನು ಹಿಂದಕ್ಕೆ ಸರಿಯಬಲ್ಲನು, ಕ್ಯಾಮರಾ ಸರಿಯಲಾರದು. ಅದನ್ನು ಅಲ್ಲಿ ನಿಲ್ಲಿಸಿ, ಬೇಕಾದ ದೃಶ್ಯವನ್ನು ಹಿಡಿದು, ಮತ್ತೆ ಇಡಿಯಾಗಿ ಪೆಟ್ಟಿಗೆಗೆ ಸೇರಿಸುವುದು ಒಂದು ವಿದ್ಯೆ. ಆ ವಿದ್ಯೆಯನ್ನು ಬಲ್ಲವರ ಹೆಸರು ಚಿತ್ರದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವುದುಂಟು. ಅಷ್ಟರಲ್ಲಿ ಜನ ಎದ್ದು ಬಾಗಿಲ ಕಡೆಗೆ ನಡೆದಿರುತ್ತಾರೆ.

ನಮ್ಮ ನಾಡಿನ ಚಿತ್ರರಂಗದಲ್ಲಿ ಹೊಸ ಚಿತ್ರದ ಮುಹೂರ್ತದ ದಿನ ಮೊದಲ ಗೌರವ ಸಲ್ಲುವುದು ಕ್ಯಾಮರಾಕ್ಕೆ. ಅದಕ್ಕೆ ಹೂವಿನ ಹಾರ ಹಾಕಿ, ಕುಂಕುಮವಿಟ್ಟು, ಕರ್ಪೂರ ಬೆಳಗಿ, ತೆಂಗಿನಕಾಯಿ ಒಡೆಯುತ್ತಾರೆ. ಗಣ್ಯರೊಬ್ಬರು ಕ್ಯಾಮರಾವನ್ನು ಚಾಲನೆ ಮಾಡಿದ ಬಳಿಕವೇ ಕೆಲಸ ಆರಂಭ. ಪೂಜೆ ನಡೆಯುವಾಗ ಕ್ಯಾಮರಾ ಸಹಾಯಕನ ಕಣ್ಣು ಮಾತ್ರ ದೇವರ ಮೇಲಿರದೆ ಕುಂಕುಮದ ಬಟ್ಟಲಿನ ಮೇಲೆ ಇರುವುದು ಸಹಜ. ನುಣ್ಣನೆಯ ಕುಂಕುಮದ ಹುಡಿಯಾಗಲಿ, ಕರ್ಪೂರದ ಮಸಿಯಾಗಲಿ, ಸಿಡಿದ ಎಳನೀರಾಗಲಿ ಮಸೂರದ ಮೇಲೆ ಬಿದ್ದರೆ ಅದನ್ನು ತೊಡೆಯುವ ಹೊಣೆ ಅವನದೇ. ಆದುದರಿಂದ ಪೂಜೆಗೆ ಮುಂಚೆಯೇ ಅವನು ಮಸೂರಕ್ಕೆ ಮುಚ್ಚಳವನ್ನು ಬಿಗಿದಿರುತ್ತಾನೆ. ಕಾವಲು ಎಂಬುದು ಅಲ್ಲಿಂದಲೇ ಮೊದಲಾಗುತ್ತದೆ.

ಇಷ್ಟೊಂದು ಎಚ್ಚರ ಏತಕ್ಕೆ? ಕ್ಯಾಮರಾ ಹೊರನೋಟಕ್ಕೆ ಗಟ್ಟಿಯಾದ ಲೋಹದ ಪೆಟ್ಟಿಗೆ. ಆದರೆ ಅದರ ಒಳಗು ಕೈಗಡಿಯಾರದಷ್ಟು ಸೂಕ್ಷ್ಮ. ಫಿಲ್ಮಿನ ಕ್ಯಾಮರಾದಲ್ಲಿ 35 ಮಿಲಿಮೀಟರು ಅಗಲದ ಸುರುಳಿಯು ಸೆಕೆಂಡಿಗೆ 24 ಸಲ ಮುಂದೆ ಸರಿದು, 24 ಸಲ ಅಲುಗಾಡದೆ ನಿಲ್ಲಬೇಕು. ಫಿಲ್ಮಿನ ಅಂಚಿನ ರಂಧ್ರಗಳಿಗೆ ಉಗುರಿನಂತಹ ಪುಟ್ಟ ಕೊಂಡಿಯೊಂದು ಹೊಕ್ಕು ಅದನ್ನು ಎಳೆಯುತ್ತದೆ. ಎಳೆಯುವಷ್ಟು ಹೊತ್ತು ತಿರುಗುವ ಮರೆಯೊಂದು ಬೆಳಕನ್ನು ತಡೆಯುತ್ತದೆ. ನಿಮಿಷಕ್ಕೆ 90 ಅಡಿಯಂತೆ ಫಿಲ್ಮು ಹೀಗೆ ಓಡುತ್ತಿರುತ್ತದೆ. ಈ ಹಾದಿಯಲ್ಲಿ ಒಂದು ಕೂದಲು, ಒಂದು ಮರಳಿನ ಕಣ ಸಿಕ್ಕಿಕೊಂಡರೂ ತೆರೆಯ ಮೇಲೆ ಅದು ಹಗ್ಗದಂತೆಯೋ ಬಂಡೆಯಂತೆಯೋ ಕಾಣುತ್ತದೆ. ಇಲ್ಲವೇ ಫಿಲ್ಮಿನ ಉದ್ದಕ್ಕೂ ಗೀರು ಬೀಳುತ್ತದೆ. ಮಸೂರಕ್ಕೂ ಫಿಲ್ಮಿಗೂ ನಡುವಣ ದೂರವು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಹೆಚ್ಚುಕಡಮೆಯಾದರೂ ಚಿತ್ರ ಮಸುಕಾಗಬಹುದು. ಕ್ಯಾಮರಾ ಒಮ್ಮೆ ಕೆಳಗೆ ಬಿದ್ದು, ಹೊರಗೆ ಒಂದು ಗೆರೆಯೂ ಬೀಳದೆ ಉಳಿದಿರಬಹುದು. ಒಳಗಿನ ಈ ಅಳತೆ ಕೆಟ್ಟಿರುವುದು ಮಾತ್ರ ಹಲವು ದಿನಗಳ ಚಿತ್ರೀಕರಣ ಮುಗಿದ ಮೇಲೆ ತಿಳಿಯುತ್ತದೆ. ಅದಕ್ಕಿಂತ, ಬಿದ್ದ ಕ್ಯಾಮರಾ ಕಣ್ಣಿಗೆ ಕಾಣುವಂತೆ ಒಡೆದುಹೋಗುವುದೇ ಎಷ್ಟೋ ವಾಸಿ!

ಈಚಿನ ವರ್ಷಗಳಲ್ಲಿ ಫಿಲ್ಮಿನ ಸ್ಥಾನವನ್ನು ಹೆಚ್ಚಾಗಿ ಡಿಜಿಟಲ್ ಕ್ಯಾಮರಾಗಳು ಆಕ್ರಮಿಸಿವೆ. ಇವುಗಳಲ್ಲಿ ಫಿಲ್ಮಿನ ಬದಲು ಬೆಳಕನ್ನು ವಿದ್ಯುತ್ ಸಂಜ್ಞೆಗಳನ್ನಾಗಿ ಮಾರ್ಪಡಿಸುವ ಒಂದು ಫಲಕವಿದೆ. ಓಡುವ ಸುರುಳಿಯಿಲ್ಲ, ಎಳೆಯುವ ಕೊಂಡಿಯಿಲ್ಲ. ಹಾಗೆಂದು ಅಪಾಯ ಕಡಮೆಯಾಯಿತೆಂದಲ್ಲ. ಅದು ರೂಪ ಬದಲಾಯಿಸಿತು ಅಷ್ಟೆ. ಫಿಲ್ಮಿನ ಮೇಲೆ ಬಿದ್ದ ಧೂಳು ಫಿಲ್ಮಿನೊಡನೆ ಮುಂದೆ ಸಾಗಿಹೋಗಬಹುದಿತ್ತು. ಫಲಕದ ಮೇಲೆ ಕುಳಿತ ಧೂಳಾದರೋ ಅಲ್ಲಿಯೇ ಉಳಿದು ಪ್ರತಿಯೊಂದು ಚಿತ್ರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ನೃತ್ಯದ ದೃಶ್ಯಗಳಲ್ಲಿ ಬಳಸುವ ಲೇಸರ್ ಕಿರಣ ಒಂದು ಕ್ಷಣ ನೇರವಾಗಿ ಮಸೂರದೊಳಕ್ಕೆ ಹೊಕ್ಕರೆ ಸಾಕು, ಫಲಕದ ಮೇಲೆ ಎಂದೂ ಅಳಿಯದ ಸುಟ್ಟ ಗೆರೆ ಮೂಡುತ್ತದೆ. ಹಳೆಯ ಕಾಲದ ಛಾಯಾಗ್ರಾಹಕರು ಕೇಳರಿಯದ ಅಪಘಾತವಿದು.

ದೊಡ್ಡ ಸ್ಫೋಟಗಳಿಂದಲೂ ಕಾರುಗಳ ಡಿಕ್ಕಿಯಿಂದಲೂ ಕ್ಯಾಮರಾಗಳು ಹಾಳಾಗುವುದು ಅಪರೂಪ. ಅಂತಹ ಸಮಯದಲ್ಲಿ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಕೇಡು ಬರುವುದು ಹೆಚ್ಚಾಗಿ ಯಾರೂ ನಿರೀಕ್ಷಿಸದ ಸಾಮಾನ್ಯ ಗಳಿಗೆಗಳಲ್ಲಿ: ಊಟದ ವೇಳೆಯಲ್ಲಿ, ಸ್ಥಳ ಬದಲಾಯಿಸುವಾಗ, ದಿನದ ಕೆಲಸ ಮುಗಿಯಿತೆಂದು ಎಲ್ಲರೂ ಮನೆಯ ಕಡೆಗೆ ಮುಖ ಮಾಡಿರುವಾಗ. ಮುಕ್ಕಾಲಿಯ ಮೇಲೆ ನಿಂತ ಕ್ಯಾಮರಾದ ಬಳಿ ಯಾರೂ ಇಲ್ಲ, ದೀಪದ ತಂತಿಗೆ ಒಬ್ಬನ ಕಾಲು ತೊಡರುತ್ತದೆ, ಮುಗಿಯಿತು. ನುಣುಪಾದ ನೆಲದ ಮೇಲೆ ಮುಕ್ಕಾಲಿಯ ಕಾಲುಗಳು ತಾವಾಗಿಯೇ ಅಗಲಕ್ಕೆ ಜಾರುವುದೂ ಉಂಟು. ಆದುದರಿಂದಲೇ ಕಾಲುಗಳ ತುದಿಯನ್ನು ಹಿಡಿದಿಡುವ ಚೌಕಟ್ಟೊಂದನ್ನು ಕೆಳಗೆ ಹಾಸುತ್ತಾರೆ, ಕಾಲುಗಳ ಮೇಲೆ ಮರಳಿನ ಚೀಲಗಳನ್ನು ಹೇರುತ್ತಾರೆ. ಜಗತ್ತಿನ ಅತ್ಯಾಧುನಿಕ ಯಂತ್ರವೊಂದನ್ನು ಉಳಿಸುವ ಭಾರ ಕೊನೆಗೆ ಬೀಳುವುದು ಒಂದು ಚೀಲ ಮರಳಿನ ಮೇಲೆ. ಕ್ಯಾಮರಾವನ್ನು ಒಬ್ಬಂಟಿಯಾಗಿ ಬಿಟ್ಟುಹೋಗಬಾರದೆಂಬುದು ಎಲ್ಲ ದೇಶಗಳ ಚಿತ್ರತಂಡಗಳಲ್ಲಿಯೂ ನಡೆದುಬಂದಿರುವ ಕಟ್ಟಳೆ. ಸಹಾಯಕನು ಊಟಕ್ಕೆ ಹೋಗಬೇಕಾದರೆ ಇನ್ನೊಬ್ಬನು ಬಂದು ಪಕ್ಕದಲ್ಲಿ ನಿಲ್ಲಬೇಕು.

ಮಸೂರವನ್ನು ಬದಲಾಯಿಸುವಾಗಿನ ಶಿಸ್ತು ಇನ್ನೂ ಸ್ವಾರಸ್ಯವಾದದ್ದು. ಒಂದು ಉತ್ತಮ ಮಸೂರದ ಬೆಲೆಗೆ ಹಳ್ಳಿಯಲ್ಲಿ ಒಂದು ಮನೆಯನ್ನೇ ಕಟ್ಟಿಸಬಹುದು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಅದು ದಾಟುವ ಅರೆಗಳಿಗೆಯಲ್ಲಿ ಕೊಟ್ಟವನು ‘ಅವನು ಹಿಡಿದನು’ ಎಂದುಕೊಂಡು ಬಿಟ್ಟರೆ, ತೆಗೆದುಕೊಳ್ಳುವವನು ‘ಇವನು ಇನ್ನೂ ಹಿಡಿದಿದ್ದಾನೆ’ ಎಂದುಕೊಂಡರೆ, ನಡುವೆ ಮಸೂರ ನೆಲದ ಪಾಲು. ಆದಕಾರಣ ತೆಗೆದುಕೊಳ್ಳುವವನು ‘ಹಿಡಿದೆ’ ಎಂದು ಬಾಯಿಬಿಟ್ಟು ಹೇಳುವವರೆಗೆ ಕೊಡುವವನು ಬೆರಳು ಸಡಿಲಿಸುವಂತಿಲ್ಲ. ಹತ್ತಾರು ವರ್ಷ ಜೊತೆಯಲ್ಲಿ ದುಡಿದವರೂ ಈ ಒಂದು ಮಾತನ್ನು ಬಿಡುವುದಿಲ್ಲ. ಕೆಲಸದ ಗಡಿಬಿಡಿಯಲ್ಲಿ ನಿರ್ದೇಶಕನು ಎಷ್ಟೇ ಅವಸರಪಡಿಸಿದರೂ ಆ ‘ಹಿಡಿದೆ’ಗೆ ಕಾಯಲೇಬೇಕು.

ಕ್ಯಾಮರಾವನ್ನು ಎತ್ತರಕ್ಕೆ ಒಯ್ಯುವ ಕ್ರೇನಿನ ವಿಷಯದಲ್ಲಿ ಅಪಾಯ ಬೇರೊಂದು ಬಗೆಯದು. ಬಾವಿಯಿಂದ ನೀರೆತ್ತುವ ಏತವನ್ನು ನೋಡಿದವರಿಗೆ ಇದರ ರಹಸ್ಯ ಸುಲಭವಾಗಿ ತಿಳಿಯುತ್ತದೆ. ಏತದಂತೆಯೇ ಇಲ್ಲಿಯೂ ಉದ್ದನೆಯ ತೋಳೊಂದು ಆಧಾರದ ಮೇಲೆ ತೂಗುತ್ತದೆ. ಒಂದು ತುದಿಯಲ್ಲಿ ಕ್ಯಾಮರಾ, ಕೆಲವೊಮ್ಮೆ ಅದರೊಡನೆ ಛಾಯಾಗ್ರಾಹಕನೂ. ಇನ್ನೊಂದು ತುದಿಯಲ್ಲಿ ಅವುಗಳನ್ನು ಸರಿತೂಗಿಸುವ ಕಬ್ಬಿಣದ ಬಿಲ್ಲೆಗಳು. ದೃಶ್ಯ ಮುಗಿಯಿತೆಂದು ಛಾಯಾಗ್ರಾಹಕನು ತಟ್ಟನೆ ಕೆಳಗೆ ಧುಮುಕಿದರೆ ಏನಾಗುತ್ತದೆ? ಅವನ ಭಾರ ಕಳೆದುಕೊಂಡ ತುದಿ ಕವಣೆಯಂತೆ ಮೇಲಕ್ಕೆ ಚಿಮ್ಮುತ್ತದೆ. ಕಬ್ಬಿಣ ಹೊತ್ತ ತುದಿ ಕೆಳಗಿದ್ದವರ ಮೇಲೆ ಅಪ್ಪಳಿಸುತ್ತದೆ. ತೋಳನ್ನು ಭದ್ರವಾಗಿ ಹಿಡಿದು, ಬಿಲ್ಲೆಗಳನ್ನು ಇಳಿಸಿ, ಅನುಮತಿ ದೊರೆತ ಮೇಲೆಯೇ ಇಳಿಯಬೇಕು. ಸನ್ನೆಕೋಲಿನ ನಿಯಮ ದೊಡ್ಡ ನಿರ್ದೇಶಕನೆಂದು ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ. ಬಯಲಿನಲ್ಲಾದರೆ ತಲೆಯ ಮೇಲಿನ ವಿದ್ಯುತ್ ತಂತಿಗಳ ಭಯವೂ ಸೇರಿಕೊಳ್ಳುತ್ತದೆ; ಲೋಹದ ತೋಳು ಅವುಗಳ ಸಮೀಪಕ್ಕೂ ಸುಳಿಯಬಾರದು.

ಬೆಂಕಿಗಿಂತಲೂ ನೀರು ಕ್ಯಾಮರಾದ ಬದ್ಧವೈರಿ ಎನ್ನಬೇಕು. ಏಕೆಂದರೆ ಅದು ಬರುವ ದಾರಿಗಳು ಅನೇಕ. ತಂಪು ಮಾಡಿದ ಕೋಣೆಯಲ್ಲಿ ರಾತ್ರಿ ಕಳೆದ ಕ್ಯಾಮರಾವನ್ನು ಬೆಳಗ್ಗೆ ಕರಾವಳಿಯ ಸೆಕೆಗೆ ತಂದ ಕೂಡಲೇ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಮಸೂರವೂ ಬೆವರುತ್ತದೆ. ಒರಸಿದಷ್ಟೂ ಮತ್ತೆ ಮಂಜು ಕವಿಯುತ್ತದೆ. ಪೆಟ್ಟಿಗೆಯನ್ನು ತೆರೆಯದೆ ಹೊರಗಿಟ್ಟು, ಒಳಗಿನ ಯಂತ್ರ ಹೊರಗಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಕಾಯುವುದೊಂದೇ ಇದಕ್ಕೆ ಮದ್ದು. 1910ರಲ್ಲಿ ಕ್ಯಾಪ್ಟನ್ ಸ್ಕಾಟನ ತಂಡದೊಡನೆ ದಕ್ಷಿಣ ಧ್ರುವ ಪ್ರದೇಶಕ್ಕೆ ತೆರಳಿದ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗನು ಇದೇ ಪಾಠವನ್ನು ತಿರುಗುಮುರುಗಾಗಿ ಕಲಿತನು. ಹೊರಗಿನ ಕಡುಚಳಿಯಿಂದ ಬೆಚ್ಚನೆಯ ಗುಡಿಸಲಿಗೆ ತಂದ ಕ್ಯಾಮರಾದ ಮೇಲೆ ತೇವ ಹೆಪ್ಪುಗಟ್ಟುತ್ತಿದ್ದುದರಿಂದ ಆತನು ಕ್ಯಾಮರಾಗಳನ್ನು ಚಳಿಯಲ್ಲಿಯೇ ಬಿಡುವುದನ್ನು ರೂಢಿಸಿಕೊಂಡನು. ಎಣ್ಣೆ ಗಟ್ಟಿಯಾಗಿ ಯಂತ್ರ ನಿಲ್ಲುತ್ತಿದ್ದುದರಿಂದ ಎಣ್ಣೆಯನ್ನೆಲ್ಲ ತೆಗೆದು ಅದರ ಬದಲು ಗ್ರಾಫೈಟಿನ ಪುಡಿಯನ್ನು ಬಳಸಿದನು.

ಮಲೆನಾಡಿನಲ್ಲಿ ತೊಂದರೆ ಇನ್ನೊಂದು. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣದಿಂದ ನಾಡಿಗೆಲ್ಲ ಪರಿಚಿತವಾದ ಆಗುಂಬೆಯಂತಹ ಊರುಗಳಲ್ಲಿ ಮಳೆಗಾಲದಲ್ಲಿ ಬಟ್ಟೆಗಳೇ ಒಣಗುವುದಿಲ್ಲ. ಮಸೂರ ಒಣಗುವುದೆಲ್ಲಿ ಬಂತು? ಉಪ್ಪಿನಕಾಯಿಯ ಮೇಲೆ ಬರುವಂತೆ ಗಾಜಿನ ಮೇಲೂ ಬೂಷ್ಟು ಬರುತ್ತದೆ. ಜೇಡರ ಬಲೆಯಂತೆ ಹಬ್ಬುವ ಈ ಬೂಷ್ಟು ಮಸೂರದ ಮೇಲಿನ ತೆಳುವಾದ ಲೇಪವನ್ನು ತಿಂದುಹಾಕುತ್ತದೆ. ಇದನ್ನು ತಡೆಯಲು ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣವಿಡುತ್ತಾರೆ. ಸಾಧಾರಣ ಸ್ಥಿತಿಯ ಛಾಯಾಗ್ರಾಹಕರು ಬೀರುವಿನೊಳಗೆ ಒಂದು ಸಣ್ಣ ವಿದ್ಯುದ್ದೀಪವನ್ನು ಸದಾ ಉರಿಸಿ, ಅದರ ಬಿಸುಪಿನಲ್ಲಿ ಮಸೂರಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಮಳೆಯ ದೃಶ್ಯವನ್ನೇ ತೆಗೆಯಬೇಕಾದಾಗ ಮಸೂರದ ಮುಂದೆ ರಭಸದಿಂದ ಗಿರ್ರನೆ ತಿರುಗುವ ಗಾಜಿನ ಬಿಲ್ಲೆಯೊಂದನ್ನು ಜೋಡಿಸುವುದುಂಟು. ಬಿದ್ದ ಹನಿಗಳು ತಿರುಗುವ ವೇಗಕ್ಕೆ ಅಂಚಿನ ಕಡೆಗೆ ಸಿಡಿದುಹೋಗಿ ನಡುಭಾಗ ತಿಳಿಯಾಗಿಯೇ ಉಳಿಯುತ್ತದೆ. ಹಡಗಿನ ಚುಕ್ಕಾಣಿ ಕೋಣೆಯ ಕಿಟಕಿಗಳಲ್ಲಿಯೂ ಇದೇ ಉಪಾಯವನ್ನು ಕಾಣಬಹುದು. ಅನಿರೀಕ್ಷಿತವಾಗಿ ಮಳೆ ಬಂದರಂತೂ ಮೊದಲ ಛತ್ರಿ ಕ್ಯಾಮರಾಕ್ಕೆ, ಎರಡನೆಯದು ನಾಯಕಿಗೆ. ಸಹಾಯಕರು ನೆನೆಯುವುದು ವಾಡಿಕೆ.

ನೀರಿನೊಳಗೇ ಇಳಿಯಬೇಕಾದ ಕ್ಯಾಮರಾಕ್ಕೆ ನೀರು ಹೊಗದ ಕವಚ ಬೇಕು. 1987ರಲ್ಲಿ ತೆರೆಕಂಡ ಶಂಕರನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’ಯಲ್ಲಿ ಕಡಲಿನ ಒಡಲಿನ ದೃಶ್ಯಗಳನ್ನು ಕನ್ನಡ ಪ್ರೇಕ್ಷಕರು ಕಂಡಿದ್ದಾರೆ. ಅಂತಹ ಕವಚದ ಎರಡು ಹೋಳುಗಳು ಸೇರುವಲ್ಲಿ ರಬ್ಬರಿನ ಬಳೆಯಿರುತ್ತದೆ. ಹತ್ತು ಮೀಟರು ಆಳಕ್ಕೆ ಇಳಿದಾಗ ಸುತ್ತಲಿನ ಒತ್ತಡ ನೆಲದ ಮೇಲಿರುವುದರ ಎರಡರಷ್ಟಾಗುತ್ತದೆ. ಬಳೆಯ ಅಡಿಯಲ್ಲಿ ಒಂದೇ ಒಂದು ತಲೆಗೂದಲು ಉಳಿದಿದ್ದರೂ ಆ ಒತ್ತಡಕ್ಕೆ ನೀರು ದಾರಿ ಮಾಡಿಕೊಳ್ಳುತ್ತದೆ.

ಎಲ್ಲ ಎಚ್ಚರವನ್ನೂ ಮೀರಿ ನೀರು ಒಳಗೆ ನುಗ್ಗಿದರೆ? 2016ರಲ್ಲಿ ಇಂತಹ ಪ್ರಸಂಗವೊಂದು ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಡಂಕರ್ಕ್ ಕಡಲತೀರದಲ್ಲಿ ಸಿಕ್ಕಿಕೊಂಡ ಸೈನಿಕರ ಕಥೆಯನ್ನು ಕ್ರಿಸ್ಟೋಫರ್ ನೋಲನ್ ಎಂಬ ನಿರ್ದೇಶಕರು ‘ಡಂಕರ್ಕ್’ ಎಂಬ ಹೆಸರಿನಲ್ಲಿ ಚಿತ್ರವನ್ನಾಗಿಸುತ್ತಿದ್ದರು. ಯುದ್ಧವಿಮಾನವೊಂದು ನೀರಿಗೆ ಬೀಳುವ ದೃಶ್ಯವನ್ನು ವಿಮಾನದೊಳಗಿನಿಂದಲೇ ತೋರಿಸಬೇಕಿತ್ತು. ವಿಮಾನದ ಮಾದರಿಯಲ್ಲಿ ಐಮ್ಯಾಕ್ಸ್ ಕ್ಯಾಮರಾವನ್ನು ಬಿಗಿದು, ಮಾದರಿಯನ್ನು ನೀರಿಗೆ ಚಿಮ್ಮಿಸಲಾಯಿತು. ಐಮ್ಯಾಕ್ಸ್ ಎಂಬುದು ಸಾಮಾನ್ಯ ಕ್ಯಾಮರಾವಲ್ಲ. 65 ಮಿಲಿಮೀಟರು ಅಗಲದ ಫಿಲ್ಮನ್ನು ಅಡ್ಡಲಾಗಿ ಓಡಿಸುವ ಈ ಯಂತ್ರಗಳ ಸಂಖ್ಯೆ ಬೆರಳೆಣಿಕೆಯಷ್ಟು. ಮಾದರಿ ವಿಮಾನವು ಎಣಿಸಿದುದಕ್ಕಿಂತ ಬೇಗ ಮುಳುಗಿತು. ಅದನ್ನು ಮೇಲೆತ್ತಲು ಸುಮಾರು ಒಂದೂವರೆ ಗಂಟೆ ಹಿಡಿಯಿತು. ಕವಚದೊಳಗೆ ನೀರು ತುಂಬಿತ್ತು, ಕ್ಯಾಮರಾ ಮುಳುಗಿತ್ತು, ಒಳಗಿನ ಫಿಲ್ಮೂ ತೊಯ್ದಿತ್ತು.

ಒದ್ದೆಯಾದುದನ್ನು ಬಿಸಿಲಿಗೆ ಹಾಕಿ ಒಣಗಿಸುವುದು ಲೋಕದ ರೂಢಿ. ಇಲ್ಲಿ ಹಾಗೆ ಮಾಡಿದ್ದರೆ ಎಲ್ಲವೂ ನಾಶವಾಗುತ್ತಿತ್ತು. ಫಿಲ್ಮಿನ ಮೇಲೆ ಬೆಳಕನ್ನು ಗ್ರಹಿಸುವ ಪದರವಿರುವುದು ಜೆಲಟಿನ್ ಎಂಬ ವಸ್ತುವಿನಲ್ಲಿ. ಅದು ಪ್ರಾಣಿಗಳ ಎಲುಬು ಮತ್ತು ಚರ್ಮಗಳಿಂದ ತೆಗೆಯುವ ಅಂಟು. ನೀರಿನಲ್ಲಿ ಅದು ಉಬ್ಬುತ್ತದೆ, ಆದರೆ ಹಾಳಾಗುವುದಿಲ್ಲ. ಸಂಸ್ಕರಣಾಗಾರದಲ್ಲಿ ಫಿಲ್ಮು ಹೇಗೂ ಹಲವು ದ್ರಾವಣಗಳಲ್ಲಿ ಮಿಂದೇಳಲೇಬೇಕಷ್ಟೆ. ಸುತ್ತಿದ ಸುರುಳಿಯಲ್ಲಿ ಒಂದು ಸುತ್ತು ಇನ್ನೊಂದಕ್ಕೆ ತಗುಲಿರುವಾಗಲೇ ಒಣಗಿದರೆ ಮಾತ್ರ ಆ ಅಂಟು ಸುತ್ತುಗಳನ್ನು ಬೆಸೆದುಬಿಡುತ್ತದೆ; ಬಿಡಿಸಹೋದರೆ ಚಿತ್ರವೇ ಕಿತ್ತುಬರುತ್ತದೆ. ಈ ಹಳೆಯ ಅನುಭವವನ್ನು ಬಲ್ಲವರು ಫಿಲ್ಮನ್ನು ಒಣಗಗೊಡದೆ ನೀರಿನಲ್ಲಿಯೇ ಇಟ್ಟು ಅಮೆರಿಕದ ಲಾಸ್ ಏಂಜಲಿಸ್ ನಗರಕ್ಕೆ ಕಳುಹಿಸಿದರು. ಅಲ್ಲಿ ಅದನ್ನು ಒದ್ದೆಯಾಗಿರುವಾಗಲೇ ಸಂಸ್ಕರಿಸಿದಾಗ ದೃಶ್ಯವು ಬಣ್ಣ ಕೆಡದೆ ನಿಚ್ಚಳವಾಗಿ ಮೂಡಿಬಂದಿತು. ಯಂತ್ರ ಮುಳುಗಿದರೂ ಚಿತ್ರ ತೇಲಿತು!

ಅದೇ ನಿರ್ದೇಶಕರ ಇನ್ನೊಂದು ಚಿತ್ರದಲ್ಲಿ ಅದೃಷ್ಟ ಹೀಗೆ ಒಲಿಯಲಿಲ್ಲ. 2008ರಲ್ಲಿ ಬಿಡುಗಡೆಯಾದ ‘ದಿ ಡಾರ್ಕ್ ನೈಟ್’ ಚಿತ್ರಕ್ಕಾಗಿ ಷಿಕಾಗೋ ನಗರದಲ್ಲಿ ವಾಹನಗಳ ಬೆನ್ನಟ್ಟುವಿಕೆಯನ್ನು ಚಿತ್ರೀಕರಿಸುತ್ತಿದ್ದಾಗ ಐಮ್ಯಾಕ್ಸ್ ಕ್ಯಾಮರಾವೊಂದು ನುಚ್ಚುನೂರಾಯಿತು. ಆಗ ಜಗತ್ತಿನಲ್ಲೆಲ್ಲ ಅಂತಹ ಕ್ಯಾಮರಾಗಳು ನಾಲ್ಕೇ ಇದ್ದುವೆಂದು ವರದಿಯಾಗಿತ್ತು.

ಹಾಗಾದರೆ ಡಿಕ್ಕಿಯೂ ಸ್ಫೋಟವೂ ಖಚಿತವಾಗಿರುವ ಸ್ಥಳದಲ್ಲಿ ಕ್ಯಾಮರಾವನ್ನು ಇಡುವುದು ಹೇಗೆ? ಈ ಪ್ರಶ್ನೆ ಮೂಕಿಚಿತ್ರಗಳಷ್ಟೇ ಹಳೆಯದು. 1927ರ ‘ನೆಪೋಲಿಯನ್’ ಚಿತ್ರಕ್ಕಾಗಿ ಫ್ರಾನ್ಸಿನ ಆಬೆಲ್ ಗಾನ್ಸನು ಕ್ಯಾಮರಾವನ್ನು ಓಡುವ ಕುದುರೆಯ ಬೆನ್ನಿಗೆ ಕಟ್ಟಿಸಿದನು. ಲೋಲಕದಂತೆ ಜನಜಂಗುಳಿಯ ಮೇಲೆ ತೂಗಾಡಿಸಿದನು. ಅಮೆರಿಕದ ಬಸ್ಟರ್ ಕೀಟನನು 1926ರಲ್ಲಿ ‘ದಿ ಜನರಲ್’ ಚಿತ್ರಕ್ಕಾಗಿ ಆರಿಗನ್ ಸಂಸ್ಥಾನದಲ್ಲಿ ನಿಜವಾದ ರೈಲ್ವೆ ಎಂಜಿನ್ನೊಂದನ್ನು ಉರಿಯುವ ಸೇತುವೆಯ ಮೇಲಿಂದ ನದಿಗೆ ಕೆಡವಿದನು. ಎರಡನೆಯ ಸಲ ಕೆಡವಲು ಇನ್ನೊಂದು ಎಂಜಿನ್ನೂ ಇರಲಿಲ್ಲ, ಇನ್ನೊಂದು ಸೇತುವೆಯೂ ಇರಲಿಲ್ಲ. ಆದುದರಿಂದ ಹಲವು ಕ್ಯಾಮರಾಗಳನ್ನು ಬೇರೆ ಬೇರೆ ಕಡೆಗಳಲ್ಲಿ ನಿಲ್ಲಿಸಲಾಗಿತ್ತು. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆಂಬ ಈ ಲೆಕ್ಕ ಇಂದಿಗೂ ಬಳಕೆಯಲ್ಲಿದೆ.

ಓಡುವ ಕುದುರೆಗಳ ಕೆಳಗಿನ ನೋಟ ಬೇಕಾದಾಗ ನೆಲದಲ್ಲಿ ಗುಂಡಿ ತೋಡಿ, ಕ್ಯಾಮರಾವನ್ನು ಅದರಲ್ಲಿರಿಸಿ, ಮೇಲೆ ಗಟ್ಟಿಯಾದ ಹಲಗೆ ಮುಚ್ಚುತ್ತಿದ್ದರು. ಮುಂದೆ ದಪ್ಪ ಲೋಹದ ತಗಡಿನಿಂದ ಮಾಡಿದ ಕವಚದ ಪೆಟ್ಟಿಗೆಗಳು ಬಂದುವು. ಪೆಟ್ಟಿಗೆಯ ಇದಿರಿನಲ್ಲಿ ಮಾತ್ರ ಒಡೆಯದ ಗಾಜಿನ ಕಿಂಡಿ. ಒಳಗೆ ಆಘಾತವನ್ನು ಹೀರಿಕೊಳ್ಳುವ ಮೆತ್ತೆ. ಇಂತಹ ಪೆಟ್ಟಿಗೆಯೊಳಗೆ ಬಹುಕಾಲ ನೆಲೆಸಿದ್ದುದು ಅಮೆರಿಕದ ಬೆಲ್ ಅಂಡ್ ಹೊವೆಲ್ ಸಂಸ್ಥೆಯ ‘ಐಮೋ’ ಎಂಬ ಪುಟ್ಟ ಕ್ಯಾಮರಾ. 1925ರ ಸುಮಾರಿಗೆ ಬಂದ ಇದು ಗಡಿಯಾರದಂತೆ ಕೀಲಿ ಕೊಟ್ಟು ನಡೆಸುವ ಯಂತ್ರ. ಹಿಡಿಯುವುದು ನೂರು ಅಡಿ ಫಿಲ್ಮು, ಅಂದರೆ ಸುಮಾರು ಒಂದು ನಿಮಿಷದ ಚಿತ್ರ ಮಾತ್ರ. ಆದರೆ ಅಪಘಾತ ಮುಗಿಯಲು ಒಂದು ನಿಮಿಷ ಧಾರಾಳವಾಯಿತು. ಎರಡನೆಯ ಮಹಾಯುದ್ಧದಲ್ಲಿ ರಣರಂಗದ ಛಾಯಾಗ್ರಾಹಕರ ಕೈಯಲ್ಲಿದ್ದ ಈ ಕ್ಯಾಮರಾ ಯುದ್ಧ ಮುಗಿದ ಮೇಲೆ ಚಿತ್ರರಂಗದ ಸುಳ್ಳು ಯುದ್ಧಗಳಲ್ಲಿ ಪೆಟ್ಟು ತಿನ್ನುತ್ತ ದಶಕಗಳನ್ನು ಕಳೆಯಿತು. ಈಚೆಗೆ ಆ ಕೆಲಸ ಅಂಗೈಯಗಲದ ಡಿಜಿಟಲ್ ಕ್ಯಾಮರಾಗಳಿಗೆ ಬಂದಿದೆ. ಆಫ್ರಿಕದ ನಮೀಬಿಯದ ಮರುಭೂಮಿಯಲ್ಲಿ 2012ರಲ್ಲಿ ಬಹುಭಾಗ ಚಿತ್ರೀಕರಣಗೊಂಡ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರದಲ್ಲಿ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಣ್ಣ ಕ್ಯಾಮರಾಗಳನ್ನು, ಒಡೆದರೂ ಒಡೆಯಲಿ ಎಂದು, ವಾಹನಗಳ ಹಾದಿಯಲ್ಲಿ ಇಡಲಾಗಿತ್ತು.

ಇವೆಲ್ಲಕ್ಕಿಂತ ಸರಳವೂ ಚಮತ್ಕಾರವೂ ಆದ ಉಪಾಯವೆಂದರೆ ಕನ್ನಡಿಯದು. ಕಾರು ಬರುವ ದಾರಿಯಲ್ಲಿ ದೊಡ್ಡ ಕನ್ನಡಿಯೊಂದನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಕ್ಯಾಮರಾವನ್ನು ದಾರಿಯ ಪಕ್ಕದಲ್ಲಿ, ಸುರಕ್ಷಿತ ಸ್ಥಳದಲ್ಲಿಟ್ಟು ಕನ್ನಡಿಯ ಕಡೆಗೆ ತಿರುಗಿಸುತ್ತಾರೆ. ಕಾರು ಬಂದು ಅಪ್ಪಳಿಸುವುದು ಕನ್ನಡಿಗೆ. ಪ್ರೇಕ್ಷಕನಿಗೆ ಅದು ತನಗೇ ಅಪ್ಪಳಿಸಿದಂತೆ ಕಾಣುತ್ತದೆ. ಸಾಮಾನ್ಯ ಕನ್ನಡಿಯಲ್ಲಿ ಲೇಪ ಗಾಜಿನ ಹಿಂದಿರುವುದರಿಂದ ಪ್ರತಿಬಿಂಬ ಜೋಡಿಯಾಗಿ ಕಾಣುವ ಸಂಭವವಿದೆ. ಇದಕ್ಕೆ ಮುಂಭಾಗದಲ್ಲಿಯೇ ಲೇಪವುಳ್ಳ ಕನ್ನಡಿ ಬೇಕು. ಎಡಬಲಗಳು ಅದಲುಬದಲಾಗುವುದರಿಂದ ಮುಂದೆ ಚಿತ್ರವನ್ನು ತಿರುಗಿಸಿ ಸರಿಪಡಿಸಬೇಕು. ಮರೆತರೆ ಅಂಗಡಿಗಳ ಹೆಸರು ಹಲಗೆಗಳೆಲ್ಲ ತಿರುಗುಮುರುಗಾಗಿ ಗುಟ್ಟು ರಟ್ಟಾಗುತ್ತದೆ. ಕನ್ನಡಿಯೂ ಒಲ್ಲದಲ್ಲಿ ದೂರದರ್ಶಕದಂತಹ ಉದ್ದ ಮಸೂರದಿಂದ ನೂರಾರು ಅಡಿ ಆಚೆಯಿಂದಲೇ ಚಿತ್ರ ತೆಗೆಯಬಹುದು. ಇಂತಹ ಮಸೂರ ದೂರವನ್ನು ಕುಗ್ಗಿಸಿ ಬೆಂಕಿಯನ್ನೂ ನಾಯಕನನ್ನೂ ಅಕ್ಕಪಕ್ಕದಲ್ಲಿರುವಂತೆ ತೋರಿಸುತ್ತದೆ. ಸಿಡಿಮದ್ದಿನ ದೃಶ್ಯಗಳಲ್ಲಿ ಕ್ಯಾಮರಾದ ಮುಂದೆ ಪಾಲಿಕಾರ್ಬೊನೇಟ್ ಹಾಳೆಯನ್ನು ನಿಲ್ಲಿಸುತ್ತಾರೆ. ಪೋಲೀಸರು ಗಲಭೆಯ ವೇಳೆ ಹಿಡಿಯುವ ಪಾರದರ್ಶಕ ಗುರಾಣಿಯೂ ಇದೇ ವಸ್ತುವಿನದು.

ಇಂತಹ ಹಾಳೆಯ ಹಿಂದೆ ಕ್ಯಾಮರಾ ಮಾತ್ರವೇ ಇದ್ದರೆ ಚಿಂತೆಯಿಲ್ಲ. ಅದರ ಹಿಂದೆ ಮನುಷ್ಯನೊಬ್ಬನು ಕುಳಿತಿದ್ದರೆ? ಚಿತ್ರರಂಗದ ಇತಿಹಾಸದಲ್ಲಿ ಈ ಪ್ರಶ್ನೆಗೆ ತೆತ್ತ ಬೆಲೆ ಸಣ್ಣದಲ್ಲ. ಇಂಗ್ಲೆಂಡಿನ ಜಾನಿ ಜೋರ್ಡನ್ ಎಂಬಾತನು ಆಕಾಶದಿಂದ ಚಿತ್ರ ತೆಗೆಯುವುದರಲ್ಲಿ ನಿಷ್ಣಾತನಾಗಿದ್ದನು. 1966ರಲ್ಲಿ ಜಪಾನಿನಲ್ಲಿ ‘ಯೂ ಓನ್ಲಿ ಲಿವ್ ಟ್ವೈಸ್’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ಚಿತ್ರೀಕರಿಸುತ್ತಿದ್ದಾಗ ಇನ್ನೊಂದು ಹೆಲಿಕಾಪ್ಟರಿನ ರೆಕ್ಕೆ ತಗುಲಿ ಅವನು ಒಂದು ಪಾದವನ್ನು ಕಳೆದುಕೊಂಡನು. ಎದೆಗುಂದದೆ ಮತ್ತೆ ಕೆಲಸಕ್ಕೆ ಬಂದು, ಹೆಲಿಕಾಪ್ಟರಿನ ಕೆಳಗೆ ತೂಗುವ ಆಸನದಲ್ಲಿ ಕುಳಿತು ಎಲ್ಲ ದಿಕ್ಕುಗಳಿಗೂ ಕ್ಯಾಮರಾ ತಿರುಗಿಸುವ ಏರ್ಪಾಡನ್ನು ಬಳಕೆಗೆ ತಂದನು. 1969ರಲ್ಲಿ ‘ಕ್ಯಾಚ್-22’ ಚಿತ್ರಕ್ಕಾಗಿ ಹಾರುತ್ತಿದ್ದ ವಿಮಾನದಿಂದ ಕೆಳಗೆ ಬಿದ್ದು ಅವನು ಮಡಿದನು. ಆಗ ಅವನು ಸುರಕ್ಷಾಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ.

2014ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯ ಸಂಸ್ಥಾನದಲ್ಲಿ ಚಿತ್ರತಂಡವೊಂದು ನದಿಯ ಮೇಲಣ ರೈಲು ಸೇತುವೆಯನ್ನೇರಿ ಕೆಲಸ ಮಾಡುತ್ತಿತ್ತು. ಹಳಿಗಳ ಮೇಲೆ ಚಿತ್ರೀಕರಿಸಲು ರೈಲ್ವೆಯವರ ಅನುಮತಿ ಇರಲಿಲ್ಲ. ಸರಕು ರೈಲೊಂದು ವೇಗವಾಗಿ ಬಂದಿತು. ಇಕ್ಕಟ್ಟಾದ ಸೇತುವೆಯಲ್ಲಿ ಓಡಲು ಎಡೆಯಿರಲಿಲ್ಲ. ಇಪ್ಪತ್ತೇಳು ವರ್ಷದ ಕ್ಯಾಮರಾ ಸಹಾಯಕಿಯೊಬ್ಬಳು ಪ್ರಾಣ ಕಳೆದುಕೊಂಡಳು, ಹಲವರು ಗಾಯಗೊಂಡರು. ಮರುವರ್ಷ ನಿರ್ದೇಶಕನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋದನು. ಆಮೇಲೆ ಅನೇಕ ದೇಶಗಳ ಕ್ಯಾಮರಾ ಸಹಾಯಕರು ದೃಶ್ಯದ ಆರಂಭದಲ್ಲಿ ಹಿಡಿಯುವ ಹಲಗೆಯ ಮೇಲೆ ಆಕೆಯ ಹೆಸರನ್ನು ಬರೆದು ನೆನೆದರು.

ಕರ್ನಾಟಕದ ಜನರಂತೂ 1989ರ ಫೆಬ್ರವರಿ 8ನ್ನು ಮರೆಯುವಂತಿಲ್ಲ. ಅಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕಥೆಯನ್ನುಳ್ಳ ಹಿಂದಿ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಸೆಟ್ಟಿಗೆ ಬೆಂಕಿ ತಗುಲಿತು. 62 ಜನ ಅಸುನೀಗಿದರು. ನಿರ್ದೇಶಕರೂ ನಾಯಕನಟರೂ ಆಗಿದ್ದ ಸಂಜಯ್ ಖಾನ್ ತೀವ್ರವಾದ ಸುಟ್ಟಗಾಯಗಳಿಂದ ಬಹುಕಾಲ ಆಸ್ಪತ್ರೆಯಲ್ಲಿರಬೇಕಾಯಿತು. ಹಲಗೆ, ಬಟ್ಟೆ, ಬಣ್ಣಗಳಿಂದ ಕಟ್ಟುವ ಸೆಟ್ಟು ಎಷ್ಟು ಬೇಗ ಹೊತ್ತಿಕೊಳ್ಳುವುದೆಂಬುದನ್ನು ಅಂದು ನಾಡು ಕಂಡಿತು. ಅಂತಹ ವೇಳೆಯಲ್ಲಿ ಕ್ಯಾಮರಾವನ್ನು ಹೊತ್ತು ಓಡಲು ನಿಂತವನು ತಾನೂ ಉಳಿಯಲಾರ, ಬಾಗಿಲಲ್ಲಿ ಇತರರಿಗೂ ಅಡ್ಡಿಯಾದಾನು. ಆದುದರಿಂದಲೇ ಅನುಭವಿಗಳಾದ ಛಾಯಾಗ್ರಾಹಕರು ಹೊಸಬರಿಗೆ ಬಿದ್ದ ಕ್ಯಾಮರಾವನ್ನು ಹಿಡಿಯುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಅದನ್ನು ಕೈಬಿಡುವುದನ್ನೂ ಕಲಿಸುತ್ತಾರೆ. ಯಂತ್ರಕ್ಕೆ ವಿಮೆಯುಂಟು, ಒಡೆದರೆ ಹೊಸದು ಬರುತ್ತದೆ.

ಭಾರತದಲ್ಲಿ ಹೆಚ್ಚಿನ ನಿರ್ಮಾಪಕರು ಕ್ಯಾಮರಾವನ್ನು ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತಾರೆ. ಅದರೊಡನೆ ಬಾಡಿಗೆ ಸಂಸ್ಥೆಯಿಂದಲೇ ಸಹಾಯಕರೂ ಬರುತ್ತಾರೆ. ಸೂರ್ಯ ಮುಳುಗಿ, ‘ಪ್ಯಾಕಪ್’ ಎಂಬ ಕೂಗು ಕೇಳಿ, ನಟರು ಬಣ್ಣ ಅಳಿಸಿಕೊಂಡು ಕಾರು ಹತ್ತಿದ ಮೇಲೆ ಇವರ ಕೆಲಸ ಇನ್ನೊಂದು ಗಂಟೆ ಉಳಿದಿರುತ್ತದೆ. ಮಸೂರದ ಮೇಲಿನ ಧೂಳನ್ನು ಮೊದಲು ರಬ್ಬರಿನ ಬುರುಡೆಯಿಂದ ಊದಿ ಹಾರಿಸಬೇಕು; ಆಮೇಲೆ ಮೆತ್ತನೆಯ ಕುಂಚ, ಕೊನೆಗಷ್ಟೆ ಬಟ್ಟೆ. ಧೂಳಿರುವಾಗಲೇ ಬಟ್ಟೆಯಿಂದ ಉಜ್ಜಿದರೆ ಮರಳುಕಾಗದದಿಂದ ಉಜ್ಜಿದಂತೆ. ಪ್ರತಿಯೊಂದು ಮಸೂರಕ್ಕೂ ಪೆಟ್ಟಿಗೆಯಲ್ಲಿ ಅದರದೇ ಆಕಾರದ ಗೂಡು ಉಂಟು. ಬರಿದಾದ ಗೂಡೊಂದು ಕಂಡರೆ ಆ ಮಸೂರ ಸಿಗುವವರೆಗೆ ಗಾಡಿ ಹೊರಡುವುದಿಲ್ಲ. ಪೆಟ್ಟಿಗೆಗಳನ್ನು ಒಂದೊಂದಾಗಿ ಎಣಿಸಿ, ಪಟ್ಟಿಯೊಡನೆ ತಾಳೆ ನೋಡಿ, ಗಾಡಿಯೊಳಗೆ ಕುಲುಕದಂತೆ ಹಗ್ಗದಿಂದ ಬಿಗಿದು, ಸಹಾಯಕರು ಬಾಗಿಲು ಹಾಕುತ್ತಾರೆ. ಮರುದಿನದ ಮೊದಲ ದೃಶ್ಯ ಸೂರ್ಯೋದಯದ್ದಾದರೆ ಬೆಳಗಿನ ನಾಲ್ಕು ಗಂಟೆಗೆ ಮತ್ತೆ ಆ ಹಗ್ಗವನ್ನು ಬಿಚ್ಚಬೇಕು.